ಆರು ಗಂಟಿನ ಲೆಕ್ಕ

ಹೋದ ವರ್ಷ ಶ್ರಾವಣದ ಒಂದು ಸಂಜೆ, ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿಕೊಂಡು ಧಾರವಾಡದ ಮನೆಗೆ ಬಂದ ನನ್ನ ಮಗಳು ಊಟಕ್ಕೆ ಕೂಡಲಿಲ್ಲ. ತೊಳೆಯಲೆಂದು ಬುತ್ತಿ ಡಬ್ಬಿ ತೆಗೆದರೆ ಮುಂಜಾನೆ ಕಟ್ಟಿಕೊಟ್ಟ ರೊಟ್ಟಿ ಹಾಗೆಯೇ ಇದ್ದವು.

“ಯಾಕವಾ, ಮೈಯಾಗ ಆರಾಮಿಲ್ಲೇನು?” ಎಂದೆ.

“ಮೈ ಆರಾಮ ಐತೆವ್ವಾ. ಇವತ್ತ ಒಬ್ರು ಹಿರ್ಯಾರು ನನ್ನ ಟೇಬಲ್ ಮುಂದ ನಿಂತು ಕೈ ಮುಗದ್ರು. ಅದು ಕಣ್ಣ ಮುಂದಿಂದ ಹೋಗವಲ್ದು.”

ಅವಳು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಹೊರಗಿನವರ ಬಿಲ್ಲುಗಳನ್ನು ಪರಿಶೀಲಿಸಿ ಹಣ ಪಾವತಿಗೆ ಕಳಿಸುವುದು ಅವಳ ಕೆಲಸ. ಅಂದು ಬಂದವರು ಗೋಕುಲ ರಸ್ತೆಯ ಕಡೆ ಎರಡು ಲೇಥ್ ಯಂತ್ರ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರು. “ಬಾಯಾರ, ಬಿಲ್ಲು ಕಳಿಸಿ ಎರಡೂವರೆ ತಿಂಗಳಾತ್ರಿ. ನಾಕ ಸಲ ಮೇಲ್ ಹಾಕೇನಿ. ಹುಡುಗೂರ ಪಗಾರ ನಿಂತೈತ್ರಿ” ಎಂದರಂತೆ. ಮಗಳು ಅವರ ಎದುರಿಗೇ ಕಂಪ್ಯೂಟರಿನಲ್ಲಿ ಹುಡುಕಿದಳು. ನಾಲ್ಕೂ ಮೇಲ್ ಇದ್ದವು. ನಾಲ್ಕನ್ನೂ ಅವಳೇ ತೆರೆದು ಓದಿದ್ದಳು.

ಸಣ್ಣ ಉದ್ದಿಮೆಯವರಿಂದ ಮಾಲು ತರಿಸಿಕೊಂಡವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಇದೆ. ಆ ಹಿರಿಯರು ಕಾಯ್ದೆಯ ಮಾತೆತ್ತಲಿಲ್ಲ. ಹುಡುಗರ ಪಗಾರದ ಮಾತೊಂದನ್ನೇ ಆಡಿದರು. ಮಗಳನ್ನು ಚುಚ್ಚಿದ್ದು ಅದು.

ನನ್ನ ಮಗಳು ಮೈಗಳ್ಳಿಯಲ್ಲ. ಮುಂಜಾನೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿಯೂ ಮೊಬೈಲ್ ಬಿಡುವುದಿಲ್ಲ. ಹಾಗಾದರೆ ಆ ಬಿಲ್ಲು ಕಳೆದದ್ದು ಎಲ್ಲಿ? ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಗದಪತ್ರಗಳ ನಡುವೆಯೇ ಬಾಳಿದವಳು ನಾನು. ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಅವಳ ಲ್ಯಾಪ್‌ಟಾಪ್ ಎದುರು ಇಬ್ಬರೂ ಕೂತೆವು. ಓದದೇ ಉಳಿದ ಮೇಲ್ 11,400 ಚಿಲ್ಲರೆ ಎಂದು ಅದು ತೋರಿಸುತ್ತಿತ್ತು. ಅವಳು ಆ ಸಂಖ್ಯೆಗೆ ಹೆದರಿದ್ದಳು. ನನಗೆ ಹೆದರಿಕೆಯಾದದ್ದು ಓದಿದವುಗಳ ಬಗ್ಗೆ.

ಯಾಕೆಂದು ಹೇಳುತ್ತೇನೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1982ರಲ್ಲಿ ನಾನು ಧಾರವಾಡದ ಒಂದು ಸರಕಾರಿ ಕಚೇರಿಗೆ ಕಾರಕೂನಳಾಗಿ ಸೇರಿದೆ. ಕೊಟ್ಟ ಮೊದಲ ಕೆಲಸ ಆವಕ, ಅಂದರೆ ಒಳಬರುವ ಪತ್ರಗಳನ್ನು ದಾಖಲಿಸುವುದು. ದಿನಕ್ಕೆರಡು ಸಲ ಟಪಾಲು ಬರುತ್ತಿತ್ತು. ಮುಂಜಾನೆ ಅಂಚೆಯದು, ಮಧ್ಯಾಹ್ನ ಬೇರೆ ಕಚೇರಿಗಳ ಸಿಪಾಯಿಗಳು ತರುತ್ತಿದ್ದ ಮುದ್ದಾಂ ಟಪಾಲು. ಮೊದಲ ವಾರ ನಾನು ಲಕೋಟೆ ಒಡೆದು ಪ್ರತಿಯೊಂದನ್ನೂ ಶ್ರದ್ಧೆಯಿಂದ ಓದುತ್ತ ಕೂಡುತ್ತಿದ್ದೆ. ಸಂಜೆಗೆ ಅರ್ಧ ಟಪಾಲು ಉಳಿಯುತ್ತಿತ್ತು. ನಮ್ಮ ಹೆಡ್ ಕ್ಲಾರ್ಕ್ ಎರಡು ದಿನ ನೋಡಿ ಮೂರನೆಯ ದಿನ ಹತ್ತಿರ ಬಂದರು. “ತಂಗೀ, ಓದೂದು ಕೆಲಸ ಅಲ್ಲ. ಮೊದಲ ಶಿಕ್ಕಾ ಹೊಡಿ. ನಂಬರ್ ಹಾಕು. ಇದು ಯಾರ ಕೆಲಸ ಅಂತ ಬರಿ. ಆಮ್ಯಾಲೆ ಅದನ್ನ ಅವರು ಓದತಾರ” ಎಂದರು.

ಆವಕ ಪುಸ್ತಕದಲ್ಲಿ ಸಾಲಾಗಿ ಮನೆಗಳು. ಕ್ರಮಸಂಖ್ಯೆ, ಬಂದ ತಾರೀಖು, ಯಾರಿಂದ, ವಿಷಯ, ಯಾವ ವಿಷಯ ನಿರ್ವಾಹಕರಿಗೆ. ತೀರ ಬಲಕ್ಕೆ ಇನ್ನೊಂದು ಮನೆ, ವಿಲೇವಾರಿ ಆದ ದಿನ. ಪತ್ರ ಬಂದ ದಿನ ಅದು ಖಾಲಿ. ವಾರವಾದರೂ ಖಾಲಿ ಇದ್ದರೆ ಹೆಡ್ ಕ್ಲಾರ್ಕ್ ಕೆಂಪು ಶಾಯಿಯಿಂದ ಒಂದು ಚುಕ್ಕೆ ಇಡುತ್ತಿದ್ದರು. ಲಕೋಟೆ ಒಡೆಯುವುದರಿಂದ ಕೆಲಸ ಶುರುವಾಗುತ್ತಿತ್ತು. ಆ ಬಲಗಡೆಯ ಮನೆ ತುಂಬಿದಾಗಲಷ್ಟೇ ಮುಗಿಯುತ್ತಿತ್ತು.

ಈಗ ಮೇಲ್ ಪೆಟ್ಟಿಗೆಯನ್ನು ನೋಡಿ. ಹೊಸ ಪತ್ರ ದಪ್ಪ ಅಕ್ಷರದಲ್ಲಿರುತ್ತದೆ. ತೆರೆದ ಕ್ಷಣಕ್ಕೆ ಅಕ್ಷರ ತೆಳ್ಳಗಾಗುತ್ತದೆ, ಎಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ. ಓದಿದ್ದನ್ನೇ ಮುಗಿದದ್ದೆಂದು ಯಂತ್ರ ಲೆಕ್ಕ ಹಿಡಿಯುತ್ತದೆ. ನಮ್ಮ ಮನಸ್ಸೂ ಅದರ ಜೊತೆಗೆ ಹಾಗೇ ನಂಬುತ್ತದೆ. ಬಲಗಡೆಯ ಮನೆ ಅಲ್ಲಿಲ್ಲ.

ಇನ್ನೂ ಒಂದು ಇಲ್ಲ, ಆವಕದ ಮೇಜು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದಾಗ, ವಿಳಾಸಕ್ಕಾಗಿ ಮೊದಲು ಮನುಷ್ಯನ ಹೆಸರು, ನಡುವೆ ಆ್ಯಟ್ ಚಿಹ್ನೆ, ಆಮೇಲೆ ಯಂತ್ರದ ಹೆಸರು ಇಟ್ಟರು. ಇವತ್ತಿಗೂ ಅದೇ ಕ್ರಮ. ಹಳೆಯ ಪತ್ರ ಕಚೇರಿಯ ವಿಳಾಸಕ್ಕೆ ಬರುತ್ತಿತ್ತು. ಮೇಜು ದಾಟಿ, ನಂಬರು ಹೊತ್ತು ಮನುಷ್ಯನನ್ನು ಮುಟ್ಟುತ್ತಿತ್ತು. ಮೇಲ್ ನೇರವಾಗಿ ಮನುಷ್ಯನ ಹೆಸರಿಗೇ ಬರುತ್ತದೆ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತಿರುವಾಗಲೂ ಬರುತ್ತದೆ. ಟಪಾಲು ಒಡೆಯುವ ಕಾರಕೂನ, ಹಂಚುವ ಸಿಪಾಯಿ, ಚುಕ್ಕೆ ಇಡುವ ಹೆಡ್ ಕ್ಲಾರ್ಕ್, ಕೊನೆಗೆ ಕೆಲಸ ಮಾಡುವವಳು, ಈ ನಾಲ್ಕೂ ಜನರ ಹೊರೆ ನನ್ನ ಮಗಳೊಬ್ಬಳ ತಲೆಯ ಮೇಲಿತ್ತು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಲೇಥಿನವರ ನಾಲ್ಕು ಮೇಲ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದೆವು. ಮೊದಲನೆಯದು ಬಂದ ದಿನವೇ ಅವಳು ಅದನ್ನು ಸ್ಟೋರ್ ವಿಭಾಗಕ್ಕೆ ದಾಟಿಸಿದ್ದಳು. ಮಾಲು ಮುಟ್ಟಿದ್ದಕ್ಕೆ ಅಲ್ಲಿಂದ ಸಹಿ ಬರಬೇಕಿತ್ತು. ಎರಡನೆಯದನ್ನು ಉಣಕಲ್ ದಾಟಿದ ಮೇಲೆ ಬಸ್ಸಿನಲ್ಲಿ ನಿಂತು ಓದಿದ್ದಳು. ಮೂರನೆಯದನ್ನು ರಾತ್ರಿ, ಮಗುವಿಗೆ ಔಷಧ ಕುಡಿಸುವಾಗ. ನಾಲ್ಕನೆಯದು ಮೀಟಿಂಗಿನಲ್ಲಿ. ಪ್ರತಿ ಸಲವೂ ಅವಳ ಮನಸ್ಸಿಗೆ ಹೊಳೆದದ್ದು ಒಂದೇ ಮಾತು, “ಅದನ್ನ ಸ್ಟೋರಿಗೆ ಕಳಿಸೇನಲ್ಲ.” ಸ್ಟೋರಿನಲ್ಲೂ ಯಾರೋ ಅದನ್ನು ಓದಿದ್ದರು. ಅವರ ಪೆಟ್ಟಿಗೆಯಲ್ಲೂ ಅಕ್ಷರ ತೆಳ್ಳಗಾಗಿತ್ತು.

ಮುಟ್ಟದೇ ಬಿಟ್ಟ ಕೆಲಸ ಹೇಗಾದರೂ ನೆನಪಾಗುತ್ತದೆ. ಅರ್ಧ ಮಾಡಿ ಇನ್ನೊಬ್ಬರ ಕೈಗೆ ಕೊಟ್ಟದ್ದು ಮಾತ್ರ ನೆನಪಿನಿಂದ ಜಾರುತ್ತದೆ. ಇದನ್ನು ನಮಗಿಂತ ಮೊದಲೇ ಕಂಡವರು ಒಂದು ಉಪಾಯ ಮಾಡಿದ್ದರು. ಈ ಭಾಷಣಕ್ಕೆ ನಾನು ಒಪ್ಪಿಕೊಂಡದ್ದೇ ಅದನ್ನು ಹೇಳಬೇಕೆಂದು.

ನಮ್ಮ ಹೆಡ್ ಕ್ಲಾರ್ಕ್ ನೌಕರಿಗೆ ಸೇರಿದ್ದು ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯ ಸೇರಿದರೂ ಅವರ ಮೇಜಿನ ಶಿಸ್ತು ಹಳೆಯದೇ ಉಳಿದಿತ್ತು. ಮುಂಬಯಿ ಪ್ರಾಂತದ ಕಂದಾಯ ಲೆಕ್ಕಪತ್ರಗಳ ಕೈಪಿಡಿ ಬರೆದ ಆ್ಯಂಡರ್ಸನ್ ಎಂಬ ಐಸಿಎಸ್ ಅಧಿಕಾರಿ ಅಹಮದನಗರದ ಕಲೆಕ್ಟರ್ ಆಗಿದ್ದಾಗ ಕಾರಕೂನರ ಮೇಜಿಗೆ ಒಂದು ಪದ್ಧತಿ ಹಾಕಿಕೊಟ್ಟರು. ಮರಾಠಿಯವರು ಅದನ್ನು ಸಹಾ ಗಠ್ಠಾ ಪದ್ಧತಿ ಎನ್ನುತ್ತಾರೆ. ನಮ್ಮವರ ಬಾಯಲ್ಲಿ ಅದು ಆರು ಗಂಟು.

ಮೊದಲನೆಯ ಗಂಟು ಮೇಜಿನ ಮೇಲಿನದು. ನಾನೇ, ಈಗಲೇ ಮಾಡಬೇಕಾದ ಕೆಲಸ ಅದರಲ್ಲಿ. ಎರಡನೆಯದು ಪ್ರತೀಕ್ಷೆಯ ಗಂಟು. ನನ್ನ ಪಾಲಿನದು ಮುಗಿದಿದೆ, ಇನ್ನೊಬ್ಬರ ಉತ್ತರಕ್ಕಾಗಿ ಕಾದಿದ್ದೇನೆ, ಆದರೆ ಹೊಣೆ ಇನ್ನೂ ನನ್ನದೇ ಎಂಬ ಪತ್ರಗಳು. ಮೂರನೆಯದು ತಿಂಗಳಿಗೋ ಮೂರು ತಿಂಗಳಿಗೋ ತಪ್ಪದೆ ಕಳಿಸಬೇಕಾದ ತಖ್ತೆಗಳದು. ನಾಲ್ಕನೆಯದು ಯಾವಾಗಲೂ ಬೇಕಾಗುವ ಸ್ಥಾಯೀ ಆದೇಶಗಳದು. ಐದನೆಯದು ಮುಗಿದು ರೆಕಾರ್ಡ್ ರೂಮಿಗೆ ಹೋಗತಕ್ಕದ್ದು. ಆರನೆಯದು ನಾಶ ಮಾಡತಕ್ಕದ್ದು.

ಈ ಆರರಲ್ಲಿ ಒಂದೂ ವಿಷಯವಾರು ಗಂಟಲ್ಲ. ಜಮೀನಿನದು ಒಂದು, ರಜೆಯದು ಒಂದು, ಪಗಾರದ್ದು ಒಂದು ಎಂದು ಕಟ್ಟಿದ್ದಲ್ಲ. ಈ ಕಾಗದದಲ್ಲಿ ಇನ್ನೇನು ಉಳಿದಿದೆ ಎಂಬ ಒಂದೇ ಪ್ರಶ್ನೆಯ ಮೇಲೆ ಆರೂ ಗಂಟು ಕಟ್ಟಿದ್ದಾರೆ.

ನನ್ನ ಮಗಳ ಪೆಟ್ಟಿಗೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಫೋಲ್ಡರುಗಳಿದ್ದವು, ಎಲ್ಲ ವಿಷಯವಾರು. ಪ್ರತಿ ದೀಪಾವಳಿಗೆ ಮನೆ ಸಾರಿಸಿದ ಹಾಗೆ ಅವಳು ಎರಡು ದಿನ ಕೂತು ಮೇಲ್‌ಗಳನ್ನು ಅವುಗಳಲ್ಲಿ ತುಂಬುತ್ತಿದ್ದಳು. ಆ ಶ್ರಮ ಕಂಡು ನನಗೆ ಮರುಕವಾಯಿತು. 2011ರಲ್ಲಿ ಐಬಿಎಂ ಸಂಶೋಧಕರು 345 ಜನರ ಮೇಲ್ ಬಳಕೆಯನ್ನು ಅಭ್ಯಾಸ ಮಾಡಿ ಒಂದು ಪ್ರಬಂಧ ಪ್ರಕಟಿಸಿದರು. ಹಳೆಯ ಮೇಲೊಂದನ್ನು ಫೋಲ್ಡರುಗಳಲ್ಲಿ ತಡಕಿ ತೆಗೆಯಲು ಸರಾಸರಿ 58 ಸೆಕೆಂಡು ಬೇಕಾದರೆ, ಹುಡುಕುವ ಜಾಗದಲ್ಲಿ ಒಂದು ಶಬ್ದ ಬರೆದು ತೆಗೆಯಲು 17 ಸೆಕೆಂಡು ಸಾಕಾಗಿತ್ತು. ಬಟ್ಟೆಯಲ್ಲಿ ಕಟ್ಟಿದ ಕಾಗದಕ್ಕೆ ಹುಡುಕುವ ಜಾಗವಿರಲಿಲ್ಲ. ಅದಕ್ಕೆ ರೆಕಾರ್ಡ್ ರೂಮಿನಲ್ಲಿ ವಿಷಯವಾರು ಜೋಡಣೆ ಬೇಕಿತ್ತು. ಆ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ, ಅದಕ್ಕೇ ಬಿಡೋಣ. ಯಾವುದು ಬಾಕಿ, ಯಾರ ಬಳಿ ಬಾಕಿ ಎಂಬುದನ್ನು ಮಾತ್ರ ಅದು ತಾನಾಗಿ ತಿಳಿಯಲಾರದು. ಅದು ನಮ್ಮ ಕೆಲಸ.

ಆ ಭಾನುವಾರ ನಾವು ಮಾಡಿದ್ದು ಇಷ್ಟೇ. ಎರಡು ತಿಂಗಳಿಗಿಂತ ಹಳೆಯದನ್ನೆಲ್ಲ ಒಂದೇ ಸಲಕ್ಕೆ ಪೆಟ್ಟಿಗೆಯಿಂದ ತೆಗೆದು ದಾಸ್ತಾನಿಗೆ ಸರಿಸಿದೆವು. ಅಳಿಸಲಿಲ್ಲ; ಬೇಕಾದರೆ ಹುಡುಕಿದರೆ ಸಿಗುತ್ತವೆ. ಹನ್ನೊಂದು ಸಾವಿರದ ಮೇಲಿದ್ದದ್ದು ಆರು ನೂರಕ್ಕೆ ಬಂತು. ಆ ಆರು ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಸೀರೆ ಅಂಗಡಿ, ವಿಮೆ, ಪ್ರವಾಸದ ಜಾಹೀರಾತು. 2004ರ ಏಪ್ರಿಲ್ 1ರಂದು ಜಿಮೇಲ್ ಪ್ರತಿ ಖಾತೆಗೂ ಒಂದು ಜಿಬಿ ಜಾಗ ಪುಕ್ಕಟೆ ಕೊಡುತ್ತ ಬಂದಿತು. ಏನನ್ನೂ ಎಸೆಯಬೇಕಿಲ್ಲ ಎಂಬ ರೂಢಿ ಅಂದಿನಿಂದ ಬೆಳೆಯಿತು. ನಮ್ಮ ಕಪಾಟಿಗೆ ಜಾಗವಿರಲಿಲ್ಲ, ಆದ್ದರಿಂದ ಆರನೆಯ ಗಂಟು ಇತ್ತು. ಕಾಗದದ ಮೇಲೆ ‘ಎ’ ಎಂದು ಬರೆದರೆ ಶಾಶ್ವತ, ‘ಬಿ’ ಎಂದರೆ ಮೂವತ್ತು ವರ್ಷ, ಹೀಗೆ ಇಳಿಯುತ್ತ ತೀರ ಕೆಳಗಿನ ವರ್ಗಕ್ಕೆ ಒಂದೇ ವರ್ಷದ ಆಯುಷ್ಯ. ಜಾಹೀರಾತಿನ ಮೇಲ್‌ಗಳ ಬುಡದಲ್ಲಿ ಚಂದಾ ರದ್ದು ಮಾಡುವ ಗುಂಡಿ ಇರುತ್ತದೆ. ಮಗಳು ಒಂದೊಂದನ್ನೇ ಒತ್ತುತ್ತ ಹೋದಳು. ಒಂದು ತಾಸು ಹಿಡಿಯಿತು.

ಉಳಿದವಕ್ಕೆ ಎರಡೇ ಗಂಟು ಕಟ್ಟಿದೆವು. ‘ಮಾಡಬೇಕು’, ‘ಕಾದಿದ್ದೇನೆ’. ಮಿಕ್ಕ ನಾಲ್ಕು ಅವಳಿಗೆ ಅಷ್ಟಾಗಿ ಬೇಕಿರಲಿಲ್ಲ. ಜಿಎಸ್‌ಟಿಯಂಥ ತಿಂಗಳ ತಖ್ತೆಗಳನ್ನು ಕ್ಯಾಲೆಂಡರಿಗೆ ಹಾಕಿಕೊಂಡಳು. ‘ಕಾದಿದ್ದೇನೆ’ ಗಂಟಿಗೆ ಹಾಕುವ ಪ್ರತಿಯೊಂದರ ಜೊತೆ ಯಾರಿಗಾಗಿ ಕಾದಿದ್ದೇನೆ, ಯಾವ ದಿನ ಮತ್ತೆ ಕೇಳುತ್ತೇನೆ ಎಂಬೆರಡು ಮಾತು ಬರೆಯಬೇಕೆಂದು ನಾನು ಹಟ ಹಿಡಿದೆ. ಆ ಎರಡು ಮಾತಿಲ್ಲದಿದ್ದರೆ ಅದು ಗಂಟಲ್ಲ, ಇನ್ನೊಂದು ಮೂಲೆ ಅಷ್ಟೇ. ಹುಡುಕುತ್ತ ಹೋದಂತೆ ಲೇಥಿನವರಂಥ ಇನ್ನೂ ಮೂರು ಜನ ಆ ರಾಶಿಯಲ್ಲಿ ಸಿಕ್ಕರು. ಅವರಲ್ಲೊಬ್ಬರು ಕಚೇರಿಯ ಕಸ ಗುಡಿಸುವ ಗುತ್ತಿಗೆಯವರು. ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಇನ್ನು ಹೊತ್ತಿನ ಮಾತು. ಟಪಾಲು ದಿನಕ್ಕೆರಡು ಸಲ ಬರುತ್ತಿದ್ದುದರಿಂದ ನಡುವಿನ ತಾಸುಗಳು ನಮ್ಮವಾಗಿದ್ದವು. ಅದು ನಾವು ಮಾಡಿಕೊಂಡ ಶಿಸ್ತಲ್ಲ, ಅಂಚೆಯವನ ಸೈಕಲ್ ಕೊಟ್ಟ ಬಿಡುವು. ಮೇಲ್‌ಗೆ ಆ ಬಿಡುವನ್ನು ನಾವೇ ಮಾಡಿಕೊಳ್ಳಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕುಶ್ಲೆವ್ ಮತ್ತು ಡನ್ ಎಂಬ ಇಬ್ಬರು 124 ಜನರನ್ನು ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡುವಂತೆ, ಇನ್ನೊಂದು ವಾರ ಬೇಕಾದಷ್ಟು ಸಲ ನೋಡುವಂತೆ ಕೇಳಿಕೊಂಡರು. ಮೂರು ಸಲ ನೋಡಿದ ವಾರದಲ್ಲಿ ಅವರ ಮನಸ್ಸಿನ ಒತ್ತಡ ಕಡಿಮೆ ಇತ್ತೆಂದು 2015ರಲ್ಲಿ ಪ್ರಕಟಿಸಿದರು.

ಇದನ್ನು ಹೇಳಿದಾಗ ಮಗಳು, “ಅವ್ವಾ, ನಿಮ್ಮ ಕಾಲದ ಮಾತು ಬ್ಯಾರೆ. ನಮ್ಮ ಸಾಹೇಬ್ರು ಹತ್ತು ನಿಮಿಷದಾಗ ಉತ್ತರಾ ಕೇಳತಾರ” ಎಂದಳು. ಅವಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ಪತ್ರೆ, ರೈಲು, ವಿದ್ಯುತ್ತಿನಂಥ ಕಡೆ ಸಂದೇಶವನ್ನು ಕೂಡಲೇ ನೋಡಲೇಬೇಕಾದವರಿದ್ದಾರೆ. ಆದರೆ ಬಿಲ್ಲು ಪರಿಶೀಲಿಸುವವಳಿಗೆ ಬೇಕಾದದ್ದು ಕದಲದೆ ಕೂತು ಅಂಕಿ ತಾಳೆ ನೋಡುವ ಎರಡು ತಾಸು. ಅವಳು ಧೈರ್ಯ ಮಾಡಿ ಮೇಲಧಿಕಾರಿಯನ್ನೇ ಕೇಳಿದಳು. ಅವಸರದ್ದಿದ್ದರೆ ಫೋನ್ ಮಾಡುತ್ತೇನೆ ಎಂದರಂತೆ. ಮೊದಲ ತಿಂಗಳಲ್ಲಿ ಅಂಥ ಫೋನು ಬಂದದ್ದು ಐದು ಸಲ. ಈಗ ಅವಳು ಹತ್ತಕ್ಕೆ, ಒಂದೂವರೆಗೆ, ನಾಲ್ಕೂವರೆಗೆ ಪೆಟ್ಟಿಗೆ ತೆರೆಯುತ್ತಾಳೆ. ಬಸ್ಸಿನಲ್ಲಿ ತೆರೆಯುವುದಿಲ್ಲ. ಏನೂ ಮಾಡಲಾಗದ ಜಾಗದಲ್ಲಿ ಪತ್ರ ಒಡೆಯುವುದೆಂದರೆ ಅದನ್ನು ಕಳೆಯುವುದೇ.

ಆವಕದ ಮಾತಾಯಿತು. ಜಾವಕದ್ದೂ ಒಂದಿಷ್ಟು ಹೇಳಬೇಕು, ಯಾಕೆಂದರೆ ಒಬ್ಬರ ಜಾವಕವೇ ಇನ್ನೊಬ್ಬರ ಆವಕ. ಸರಕಾರಿ ಪತ್ರದ ಭಾಷೆ ಒಣಗಿದ್ದು ಎಂದು ಎಲ್ಲರೂ ದೂರುತ್ತಾರೆ. ಅದರ ಮೈಕಟ್ಟು ಮಾತ್ರ ಬಹಳ ವಿವೇಕದ್ದು. ಮೇಲ್ಗಡೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’. ಒಂದು ಪತ್ರಕ್ಕೆ ಒಂದೇ ವಿಷಯ. ಕೊನೆಗೆ ಪ್ರತಿ ಯಾರಿಗೆ ಎಂಬ ಪಟ್ಟಿ, ಅಲ್ಲಿ ಪ್ರತಿ ಹೆಸರಿನ ಮುಂದೆ ಯಾಕೆ ಎಂಬುದು: ಇವರಿಗೆ ಮಾಹಿತಿಗಾಗಿ, ಇವರಿಗೆ ಮುಂದಿನ ಕ್ರಮಕ್ಕಾಗಿ. ಮೇಲ್‌ನಲ್ಲಿ ಸಿಸಿ ಎಂದು ಹತ್ತು ಜನರ ಹೆಸರು ತುಂಬುತ್ತೇವೆ. ಮಾಡಬೇಕಾದವರು ಯಾರೆಂದು ಹತ್ತು ಜನರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಹತ್ತೂ ಜನ ಓದುತ್ತಾರೆ, ಹತ್ತೂ ಕಡೆ ಅಕ್ಷರ ತೆಳ್ಳಗಾಗುತ್ತದೆ. ಮಗಳು ಈಗ ಮೇಲ್‌ನ ಮೊದಲ ಸಾಲಿನಲ್ಲೇ ಬರೆಯುತ್ತಾಳೆ: ‘ಸ್ಟೋರಿನವರು ಸಹಿ ಮಾಡಿ ಕಳಿಸಬೇಕು, ಗುರುವಾರದೊಳಗೆ, ಉಳಿದವರಿಗೆ ಮಾಹಿತಿಗಾಗಿ.’

ತಾರೀಖಿನ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ. 2012ರ ಮಾರ್ಚ್‌ನಲ್ಲಿ, ಸರಕಾರಿ ಸೇವೆಗೆ ಗಡುವು ಹಾಕುವ ಸಕಾಲ ಯೋಜನೆಯನ್ನು ರಾಜ್ಯದಲ್ಲಿ ಮೊದಲು ನಾಲ್ಕು ತಾಲೂಕುಗಳಲ್ಲಿ ಪ್ರಯೋಗಕ್ಕೆ ತಂದರು. ಔರಾದ್, ಚಿತ್ರದುರ್ಗ, ಪುತ್ತೂರು, ಜೊತೆಗೆ ನಮ್ಮ ಧಾರವಾಡ. ಏಪ್ರಿಲ್‌ನಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಅರ್ಜಿ ಕೊಟ್ಟವರಿಗೆ ಹದಿನೈದು ಅಂಕಿಯ ಒಂದು ನಂಬರು, ಕೆಲಸ ಮುಗಿಯಬೇಕಾದ ದಿನ ನಮೂದಾದ ಒಂದು ಚೀಟಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ನಮ್ಮ ಆವಕ ಪುಸ್ತಕದ ಬಲಗಡೆಯ ಮನೆ ಅಲ್ಲಿಯತನಕ ನಮಗಷ್ಟೇ ಕಾಣುತ್ತಿತ್ತು. ಸಕಾಲ ಅದನ್ನು ಕಾಯುವವರ ಕೈಗೆ ಕೊಟ್ಟಿತು. ಕೌಂಟರಿನಲ್ಲಿ ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ ಆ ಚೀಟಿಯನ್ನು ನೋಡಿಕೊಂಡು, “ಇನ್ನೂ ನಾಕ ದಿನ ಐತೆಲ್ಲ, ಬರತೀನಿ” ಎಂದು ನಿಶ್ಚಿಂತೆಯಿಂದ ಹೋದದ್ದು ನನಗೆ ಮರೆತಿಲ್ಲ. ಅದಕ್ಕೆ ಮೊದಲು ಅಂಥವರು ದಿನಾ ಬಂದು ದಿನಾ ಕೇಳಿ ಹೋಗುತ್ತಿದ್ದರು. ಬರುವ ಬಸ್ಸಿನ ಖರ್ಚು, ಕಳೆಯುವ ಕೂಲಿ, ನಮ್ಮ ಸಿಡುಕು, ಎಲ್ಲವೂ ಅವರ ಪಾಲಿಗೇ.

ಲೇಥಿನವರು ಹಾಕಿದ ಎರಡನೆಯ, ಮೂರನೆಯ, ನಾಲ್ಕನೆಯ ಮೇಲ್‌ಗಳು ಅಂಥ ಸುತ್ತಾಟವೇ. ಮೊದಲ ದಿನವೇ ‘ಬಿಲ್ಲು ಮುಟ್ಟಿದೆ, ಸ್ಟೋರಿನ ಸಹಿಗೆ ಕಳಿಸಿದ್ದೇನೆ, ಇಂಥ ದಿನ ತಿಳಿಸುತ್ತೇನೆ’ ಎಂದು ಒಂದು ಸಾಲು ಹೋಗಿದ್ದರೆ ಅವರು ಕೆಲಸ ಬಿಟ್ಟು ಬಂದು ಕೈ ಮುಗಿದು ನಿಲ್ಲಬೇಕಾಗಿರಲಿಲ್ಲ. ಅವರ ಹಣ ಆ ವಾರವೇ ಸಂದಾಯವಾಯಿತು. ಮಗಳು ಗೋಕುಲ ರಸ್ತೆಗೆ ತಾನೇ ಹೋಗಿ ತಪ್ಪಾಯಿತೆಂದು ಹೇಳಿ ಬಂದಳು. ಅವರು ಕುರ್ಚಿ ಒರೆಸಿ ಕೂಡ್ರಿಸಿ ಚಹಾ ತರಿಸಿದರಂತೆ.

ಮೇಲ್ ಪೆಟ್ಟಿಗೆ ಬರಿದಾಗಬೇಕೆಂಬ ಹಟ ನನಗಿಲ್ಲ. ಅವಳದೂ ಬರಿದಾಗಿಲ್ಲ. ದಿನಾ ನೂರರ ಹತ್ತಿರ ಬರುತ್ತವೆ, ಕೆಲವು ದಿನ ‘ಮಾಡಬೇಕು’ ಗಂಟು ಕಟ್ಟಲಾರದಷ್ಟು ದಪ್ಪವಾಗುತ್ತದೆ. ವರ್ಷದ ಕೊನೆಯ ಮಾರ್ಚ್ ತಿಂಗಳಲ್ಲಂತೂ ಎರಡು ವಾರ ಎಲ್ಲ ಕಲಸಿಹೋಗಿತ್ತು. ಆದರೆ ಪ್ರತಿ ಶುಕ್ರವಾರ ಮಧ್ಯಾಹ್ನ ಅವಳು ‘ಕಾದಿದ್ದೇನೆ’ ಗಂಟನ್ನು ಬಿಚ್ಚಿ ಒಂದೊಂದನ್ನೂ ನೋಡುತ್ತಾಳೆ. ಹೋದ ಶುಕ್ರವಾರ ಮನೆಯಿಂದಲೇ ಕೆಲಸವಿತ್ತು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಒಂಬತ್ತು ಇದ್ದವು. ಐದಕ್ಕೆ ಸ್ಟೋರಿನವರನ್ನು ಮತ್ತೆ ಕೇಳಿದಳು. ಎರಡಕ್ಕೆ ಉತ್ತರ ಬಂದಿತ್ತು, ತೆಗೆದಳು. ಉಳಿದೆರಡಕ್ಕೆ ಹಣ ಈ ವಾರ ಆಗುವಂತಿರಲಿಲ್ಲ. ಅವಳು ಫೋನ್ ಎತ್ತಿಕೊಂಡು, “ಅಣ್ಣಾರ, ನಿಮ್ಮ ಬಿಲ್ಲು ನನ್ನ ಹತ್ರನ ಐತ್ರಿ. ಮಂಗಳವಾರ ಆಗತೈತಿ, ನಾನ ಹೇಳತೀನಿ” ಎಂದಳು. ಆಮೇಲೆ ಇನ್ನೊಬ್ಬರಿಗೆ ಹಚ್ಚಿದಳು.